ಸಂಜೆಯಾದರೆ ಮಸುಕಾಗುವ ಅಕ್ಷರ: ಓದುವ ದೀಪದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರಿನ ನಾನಾ ರೂಪಗಳು: ಹಗಲು ಕಂಡ ಅಕ್ಷರ ರಾತ್ರಿ ಕಾಣುವುದಿಲ್ಲ, ಓದಿದರೆ ಕಣ್ಣು ಸೋಲುತ್ತದೆ, ಕನ್ನಡಕ ಬದಲಿಸಬೇಕೇ? ಎಷ್ಟೋ ಸಲ ಬದಲಿಸಬೇಕಾದದ್ದು ದೀಪದ ಜಾಗ. ಕಣ್ಣು ಪರೀಕ್ಷಿಸುವವರು ಮತ್ತು ಬೆಳಕಿನ ವಿನ್ಯಾಸ ಬಲ್ಲವರು ಸೇರಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 46 ವರ್ಷ. ಆರು ತಿಂಗಳ ಹಿಂದಷ್ಟೇ +1.25ರ ಚಾಳೀಸು ಮಾಡಿಸಿದೆ. ಬೆಳಿಗ್ಗೆ ಕಿಟಕಿಯ ಪಕ್ಕ ಕೂತರೆ ಕನ್ನಡಕ ಇಲ್ಲದೆಯೂ ಪತ್ರಿಕೆ ಓದಬಲ್ಲೆ. ಸಂಜೆ ಕನ್ನಡಕ ಹಾಕಿಕೊಂಡರೂ ಒತ್ತಕ್ಷರಗಳು ಕಲಸಿಹೋಗುತ್ತವೆ. ನಂಬರು ಇಷ್ಟು ಬೇಗ ಏರುತ್ತದೆಯೇ?

ಬೆಳಿಗ್ಗೆ ಇದ್ದ ನಂಬರು ಸಂಜೆಗೆ ಏರಿ, ಮಾರನೆಯ ಬೆಳಿಗ್ಗೆ ಮತ್ತೆ ಇಳಿದು ಕೂರುವುದಿಲ್ಲ. ಬದಲಾಗಿರುವುದು ನಿಮ್ಮ ಕಣ್ಣಿನ ಪಾಪೆಯ ಅಗಲ. ಕಿಟಕಿಯ ಬೆಳಕಿನಲ್ಲಿ ಅದು 2–3 ಮಿ.ಮೀ.ಗೆ ಕುಗ್ಗಿರುತ್ತದೆ, ಮಂದ ಕೋಣೆಯಲ್ಲಿ 5 ಮಿ.ಮೀ. ದಾಟಬಹುದು. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಪುಟದ ಮೇಲಿನ ಒಂದೊಂದು ಚುಕ್ಕೆಯೂ ಅಕ್ಷಿಪಟದ ಮೇಲೆ ಪುಟ್ಟ ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಆ ಬಿಲ್ಲೆಯ ಅಗಲ ಪಾಪೆಯ ಅಗಲವನ್ನೇ ಅನುಸರಿಸುತ್ತದೆ: ಪಾಪೆ ಎರಡರಷ್ಟಾದರೆ ಮಸುಕೂ ಎರಡರಷ್ಟು. ಕನ್ನಡ ಲಿಪಿಗೆ ಇದರ ಏಟು ಬೇಗ ತಗಲುತ್ತದೆ. ‘ದ’ಗೂ ‘ಧ’ಗೂ, ‘ಬ’ಗೂ ‘ಭ’ಗೂ ಇರುವ ಅಂತರ ಕೆಳಗಿನ ಒಂದು ಪುಟ್ಟ ಸೀಳು. ‘ಪ’ ಮತ್ತು ‘ವ’ ಬೇರೆಯಾಗುವುದು ತಲೆಯ ಬಳಿಯ ಚಿಕ್ಕ ಸಂದಿನಿಂದ. ಒತ್ತಕ್ಷರವಂತೂ ಮೂಲಾಕ್ಷರಕ್ಕಿಂತ ಚಿಕ್ಕದು. ಬಿಲ್ಲೆ ದೊಡ್ಡದಾದಾಗ ಮೊದಲು ಮುಚ್ಚಿಹೋಗುವುದು ಈ ಸಂದುಗಳೇ.

ಇನ್ನೊಂದು ಕಾರಣವೂ ಜೊತೆಗೂಡುತ್ತದೆ. ಬೆಳಕು ಕಡಿಮೆಯಾದಂತೆ ಕಣ್ಣಿನ ಮಸೂರಕ್ಕೆ ಎಲ್ಲಿ ಫೋಕಸ್ ಮಾಡಬೇಕೆಂಬ ಸುಳಿವೇ ತೆಳುವಾಗಿ, ಅದು ತನ್ನ ವಿಶ್ರಾಂತಿಯ ಸ್ಥಿತಿಯತ್ತ ಜಾರುತ್ತದೆ. ಆ ಸ್ಥಿತಿ ಸುಮಾರು ಒಂದು ಮೀಟರ್ ದೂರದ್ದು, ಪುಸ್ತಕ ಇರುವುದು 40 ಸೆಂ.ಮೀ.ನಲ್ಲಿ. ಆ ದೂರಕ್ಕೆ 2.5 ಡಯಾಪ್ಟರ್ (ಕನ್ನಡಕದ ನಂಬರು ಹೇಳುವುದೂ ಇದೇ ಅಳತೆಯಲ್ಲಿ) ಶಕ್ತಿ ಬೇಕು. ಇಪ್ಪತ್ತರ ವಯಸ್ಸಿನಲ್ಲಿ ಕಣ್ಣಿಗೆ ಸುಮಾರು 10 ಡಯಾಪ್ಟರ್ ಬಂಡವಾಳ ಇರುತ್ತದೆ, 45ರ ಆಸುಪಾಸಿನಲ್ಲಿ 4ಕ್ಕೆ ಇಳಿದಿರುತ್ತದೆ. ಇರುವುದರಲ್ಲಿ ಅರ್ಧವನ್ನು ಮೀಸಲಿಟ್ಟರೆ ಮಾತ್ರ ಹೆಚ್ಚು ಹೊತ್ತು ಆರಾಮವಾಗಿ ಓದಬಹುದು. ನಿಮ್ಮ +1.25 ಈ ಕೊರತೆ ತುಂಬಲು ಕೊಟ್ಟದ್ದು. ನಿಮ್ಮ ವಯಸ್ಸಿಗೆ ಅದು ಹೊಂದುವಂಥದ್ದೇ, ಆದರೆ ಅದು ಒಳ್ಳೆಯ ಬೆಳಕಿನ ಲೆಕ್ಕ.

ಮನೆಯಲ್ಲೇ ಪರೀಕ್ಷಿಸಿ. ಸಂಜೆ ಅದೇ ಪುಟ, ಅದೇ ಕನ್ನಡಕ, ಅದೇ ದೂರ. ಒಬ್ಬರು ಪಕ್ಕದಿಂದ ಪುಟದ ಮೇಲೆ ಟಾರ್ಚ್ ಹಾಯಿಸಲಿ, ಬೆಳಕು ನಿಮ್ಮ ಕಣ್ಣಿಗೆ ಬೀಳದಿರಲಿ. ಒತ್ತಕ್ಷರ ತಟ್ಟನೆ ಬಿಡಿಸಿಕೊಂಡರೆ ನಿಮಗೆ ಬೇಕಿರುವುದು ದೀಪ. ಟಾರ್ಚ್ ಹಾಕಿದರೂ ಮಸುಕೇ ಉಳಿದರೆ ದಪ್ಪ ಕಾಗದದಲ್ಲಿ ಸುಮಾರು 1 ಮಿ.ಮೀ.ನ ತೂತು ಮಾಡಿ, ಕಣ್ಣಿಗೆ ತೀರ ಹತ್ತಿರ ಹಿಡಿದು ಅದರ ಮೂಲಕ ನೋಡಿ. ಆಗ ಸ್ಪಷ್ಟವಾದರೆ ತೊಂದರೆ ಫೋಕಸ್ಸಿನದು, ನಂಬರು ಪರೀಕ್ಷಿಸಿಕೊಳ್ಳಿ. ತೂತಿನಲ್ಲೂ ಸ್ಪಷ್ಟವಾಗದಿದ್ದರೆ ಮಸೂರದಲ್ಲೋ ಅಕ್ಷಿಪಟದಲ್ಲೋ ಬೇರೇನೋ ಇದೆ, ಕಣ್ಣಿನ ವೈದ್ಯರೇ ನೋಡಬೇಕು.

ನಂಬರು ಪರೀಕ್ಷೆಗೆ ಹೋಗುವ ಮುನ್ನ ನೀವು ಎಂದಿನಂತೆ ಓದುವಾಗ ಕಣ್ಣಿನಿಂದ ಪುಟಕ್ಕೆ ಎಷ್ಟು ದೂರವೆಂದು ಇನ್ನೊಬ್ಬರಿಂದ ಟೇಪಿನಲ್ಲಿ ಅಳೆಸಿ, ಆ ಸೆಂಟಿಮೀಟರನ್ನು ಪರೀಕ್ಷಿಸುವವರಿಗೆ ತಿಳಿಸಿ. ಸಂಜೆಯ ಕತ್ತಲಿಗಾಗಿ ನಂಬರು ಏರಿಸಿಕೊಂಡರೆ ಅಕ್ಷರ ಕಂಡೀತು, ಆದರೆ ಸ್ಪಷ್ಟವಾಗಿ ಕಾಣುವ ದೂರದ ಪಟ್ಟಿ ಕಿರಿದಾಗಿ ಪುಸ್ತಕವನ್ನು ಮೂಗಿನ ಹತ್ತಿರ ಎಳೆದುಕೊಳ್ಳಬೇಕಾಗುತ್ತದೆ. ಕತ್ತು ನೋವು ಅದರ ಹಿಂದೆಯೇ ಬರುತ್ತದೆ. ಒಂದು ಎಚ್ಚರಿಕೆ: ದೃಷ್ಟಿ ಒಂದು ವಾರ ಒಂದು ಥರ, ಮುಂದಿನ ವಾರ ಇನ್ನೊಂದು ಥರ ಇದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಏರಿಳಿದರೆ ನಂಬರೂ ತೂಗಾಡುತ್ತದೆ.

ಪ್ರಶ್ನೆ: ಓದಲು ಎಷ್ಟು ಬೆಳಕು ಬೇಕು? ದೀಪವನ್ನು ಎಲ್ಲಿಡಬೇಕು?

ಪುಟದ ಮೇಲೆ ಬೀಳುವ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಬುರುಡೆಯ ಪೊಟ್ಟಣದ ಮೇಲಿರುವುದು ಲೂಮೆನ್, ಅಂದರೆ ಬುರುಡೆ ಒಟ್ಟು ಎಷ್ಟು ಬೆಳಕು ಹೊರಹಾಕುತ್ತದೆ ಎಂಬುದು. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ. ಓದುಬರಹದ ಮೇಜಿಗೆ ಯುರೋಪಿನ ಕಚೇರಿ ಮಾನದಂಡ ಹೇಳುವುದು 500 ಲಕ್ಸ್. ಅರವತ್ತು ದಾಟಿದವರು 750ರಿಂದ 1,000ದವರೆಗೆ ಹೋದರೂ ತಪ್ಪಿಲ್ಲ. ಚಾವಣಿಯ ದೀಪವೊಂದನ್ನೇ ನೆಚ್ಚಿಕೊಂಡ ಕೋಣೆಯಲ್ಲಿ ಪುಟಕ್ಕೆ ಸಿಗುವುದು ಸಾಮಾನ್ಯವಾಗಿ 100 ಲಕ್ಸ್ ಆಸುಪಾಸು.

ಇದನ್ನು ಸರಿಪಡಿಸಲು ದೊಡ್ಡ ಬುರುಡೆ ಬೇಕಿಲ್ಲ. 450 ಲೂಮೆನ್‌ನ, ಅಂದರೆ ಸುಮಾರು 5 ವ್ಯಾಟ್‌ನ ಎಲ್‌ಇಡಿ ದೀಪವೊಂದು ಬೆಳಕನ್ನೆಲ್ಲ ಶೇಡಿನಿಂದ ಕೆಳಕ್ಕೇ ಅಗಲವಾಗಿ ಹರಡುತ್ತದೆ ಎನ್ನೋಣ. ಪುಟದಿಂದ 1 ಮೀಟರ್ ಮೇಲಿದ್ದರೆ ಅದರಡಿ ಸಿಗುವುದು ಸುಮಾರು 140 ಲಕ್ಸ್. 50 ಸೆಂ.ಮೀ.ಗೆ ಇಳಿಸಿ, 570. 40 ಸೆಂ.ಮೀ.ಗೆ ತಂದರೆ 900ರ ಹತ್ತಿರ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು, ಇಷ್ಟೇ ಸೂತ್ರ. ಹಾಗಾಗಿ ಓದುವ ದೀಪ ಕೊಳ್ಳುವಾಗ ನಾವು ಮೊದಲು ನೋಡುವುದು ತೋಳು ಎಷ್ಟು ಉದ್ದ, ಎಷ್ಟು ಕಡೆ ಬಾಗುತ್ತದೆ ಎಂದು. ವ್ಯಾಟ್ ಆಮೇಲೆ.

ಇಡುವ ಬಗೆ ಹೀಗೆ. ಮೇಜಿನ ಮುಂದೆ ನೀವು ನಿಜವಾಗಿ ಕೂರುವ ಭಂಗಿಯಲ್ಲೇ ಕೂತು ಪುಸ್ತಕ ತೆರೆಯಿರಿ. ಬರೆಯುವವರಾದರೆ ದೀಪ ಬರೆಯದ ಕೈಯ ಕಡೆಗೆ, ಇಲ್ಲದಿದ್ದರೆ ಕೈಯ ನೆರಳು ಸಾಲಿನ ಮೇಲೆಯೇ ಬೀಳುತ್ತದೆ. ದೀಪದ ಬಾಯಿ ಪುಟದಿಂದ 40–50 ಸೆಂ.ಮೀ. ಮೇಲೆ, ಪಕ್ಕಕ್ಕೆ ಸರಿದು ಇರಲಿ. ಶೇಡಿನ ಕೆಳಅಂಚು ನಿಮ್ಮ ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ ಬರಬೇಕು, ಒಳಗಿನ ಬುರುಡೆ ಕಾಣಿಸಲೇಬಾರದು. ಈಗ ಓದುತ್ತಾ ಅಂಗೈಯನ್ನು ಹಣೆಗೆ ಟೋಪಿಯ ಅಂಚಿನಂತೆ ಅಡ್ಡ ಹಿಡಿಯಿರಿ. ಹಿಡಿದ ಕೂಡಲೇ ಕಣ್ಣಿಗೆ ಹಾಯೆನಿಸಿದರೆ ಯಾವುದೋ ಬೆಳಕು ನೇರ ಕಣ್ಣಿಗೆ ಬೀಳುತ್ತಿದೆ ಎಂದರ್ಥ. ಅದು ಇದೇ ದೀಪವಿರಬಹುದು, ಎದುರಿನ ಕಿಟಕಿ ಇರಬಹುದು, ಅಥವಾ ಚಾವಣಿಯ ಬೆತ್ತಲೆ ಟ್ಯೂಬ್. ಏನೂ ವ್ಯತ್ಯಾಸ ಅನಿಸದಿದ್ದರೆ ಜಾಗ ಸರಿಯಾಗಿದೆ.

ಆರಾಮಕುರ್ಚಿಯಲ್ಲಿ ಓದುವವರಿಗೆ ನೆಲದ ಮೇಲೆ ನಿಲ್ಲುವ ದೀಪ ಒಳ್ಳೆಯದು. ಅದು ಭುಜದ ಪಕ್ಕ, ತುಸು ಹಿಂದೆ ನಿಂತು ಭುಜದ ಮೇಲಿಂದ ಪುಟಕ್ಕೆ ಬೆಳಕು ಬಿಡಬೇಕು. ನೇರ ತಲೆಯ ಹಿಂದಿಟ್ಟರೆ ಪುಟದ ಮೇಲೆ ನಿಮ್ಮದೇ ತಲೆಯ ನೆರಳು.

ಒಂದು ತಪ್ಪನ್ನು ಬಹುತೇಕ ಎಲ್ಲರೂ ಮಾಡುತ್ತಾರೆ: ಓದುವ ದೀಪ ಹಚ್ಚಿ ಕೋಣೆಯ ಉಳಿದ ದೀಪವನ್ನೆಲ್ಲ ಆರಿಸುವುದು. ನೋಡಲು ಚೆನ್ನ, ಕಣ್ಣಿಗೆ ಶಿಕ್ಷೆ. ಪುಟದಿಂದ ತಲೆ ಎತ್ತಿದಾಗಲೆಲ್ಲ ಕಣ್ಣು ಕತ್ತಲೆಗೆ, ಮತ್ತೆ ಬೆಳ್ಳನೆಯ ಹಾಳೆಗೆ ಹೊಂದಿಕೊಳ್ಳಬೇಕಾಗುತ್ತದೆ. ಪುಸ್ತಕದ ಸುತ್ತಲ ಮೇಜು ಪುಟದ ಮೂರರಲ್ಲಿ ಒಂದು ಪಾಲಿನಷ್ಟಾದರೂ ಬೆಳ್ಳಗೆ ಕಾಣಬೇಕು, ಕೋಣೆಯ ಗೋಡೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು. ಕಪ್ಪು ಮೇಜಿನ ಮೇಲೆ ತಿಳಿಬಣ್ಣದ ಬಟ್ಟೆ ಹಾಸಿದರೂ ಹಿತವೆನಿಸುತ್ತದೆ.

ಫೋನಿನ ಲಕ್ಸ್ ಆ್ಯಪ್ ಬಳಸುವುದಾದರೆ ಫೋನನ್ನು ಪುಟದ ಮೇಲೆ ಅಂಗಾತ ಮಲಗಿಸಿ, ಮುಂದಿನ ಕ್ಯಾಮೆರಾ ಬಳಿಯ ಸಂವೇದಕದ ಮೇಲೆ ನೆರಳು ಬೀಳದಂತೆ ನೋಡಿ. ಅಂಕಿ ಕರಾರುವಾಕ್ಕಾಗಿರದು. ದೀಪವನ್ನು ಇಲ್ಲಿಟ್ಟರೆ ಹೆಚ್ಚೋ ಅಲ್ಲಿಟ್ಟರೆ ಹೆಚ್ಚೋ ಎಂದು ಹೋಲಿಸಲು ಸಾಕು.

ಪ್ರಶ್ನೆ: ಹೊಳಪು ಕಾಗದದ ಪತ್ರಿಕೆ ಓದುವಾಗ ಪುಟದ ನಡುವೆ ಬಿಳಿ ಮಬ್ಬು ಬಂದು ಅಕ್ಷರ ಅಳಿಸಿದಂತಾಗುತ್ತದೆ. ಏಕೆ?

ನೀವು ಕಾಣುತ್ತಿರುವುದು ದೀಪದ ಪ್ರತಿಬಿಂಬ. ಪುಟದ ಆ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಟ್ಟು, ಕೂತಲ್ಲಿಂದಲೇ ನೋಡಿ. ಕನ್ನಡಿಯಲ್ಲಿ ಯಾವ ದೀಪ ಕಾಣುತ್ತದೋ ಅದೇ ಕಳ್ಳ. ಸಾಮಾನ್ಯವಾಗಿ ಅದು ಪುಟದ ಆಚೆ, ನಿಮ್ಮ ಎದುರಿಗಿರುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿ, ಅದು ಕನ್ನಡಿಯಿಂದ ಮಾಯವಾಗುವವರೆಗೆ. ದೀಪ ಕದಲದ ಜಾಗದಲ್ಲಿದ್ದರೆ ಪುಸ್ತಕವನ್ನೇ ಓರೆ ಪೀಠದ ಮೇಲೆ 20–30 ಡಿಗ್ರಿ ಎತ್ತಿ. ಬೆಳಕು ಹೆಚ್ಚಿಸಿದರೆ ಮಬ್ಬೂ ಹೆಚ್ಚುತ್ತದೆ ಅಷ್ಟೆ.

ಪ್ರಶ್ನೆ: ಹಳದಿ ಬೆಳಕು ಒಳ್ಳೆಯದೋ ಬಿಳಿಯೋ? ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಬೇಕೇ?

ಬುರುಡೆಯ ಮೇಲಿನ 2,700–3,000 ಕೆಲ್ವಿನ್ ಎಂದರೆ ಹಳದಿ ಛಾಯೆ, 4,000 ನಡುವಿನ ಬಿಳಿ, 6,500 ನೀಲಿ ಬೆರೆತ ಬಿಳಿ. ಲಕ್ಸ್ ಸಮನಾಗಿದ್ದರೆ ನೀಲಿ ಅಂಶ ಹೆಚ್ಚಿರುವ ಬೆಳಕಿನಲ್ಲಿ ಪಾಪೆ ಸ್ವಲ್ಪ ಹೆಚ್ಚು ಕುಗ್ಗುತ್ತದೆ, ಅಂಚು ತುಸು ಚೂಪಾಗಿ ಕಾಣಬಹುದು. ಆದರೆ ದೀಪವನ್ನು ಒಂದು ಗೇಣು ಹತ್ತಿರ ತಂದರೆ ಸಿಗುವ ಲಾಭದ ಮುಂದೆ ಇದು ಏನೇನೂ ಅಲ್ಲ. ಹಗಲಿನ ಅಧ್ಯಯನಕ್ಕೆ 4,000, ಮಲಗುವ ಮುಂಚಿನ ಓದಿಗೆ 2,700 ಎಂಬುದು ನಮ್ಮ ಸಲಹೆ. ನೀಲಿ ಹೆಚ್ಚಿರುವ ಬೆಳಕು ನಿದ್ರೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಅದಕ್ಕಾಗಿ ಈ ಭೇದ. ಪೊಟ್ಟಣದ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ. ಕಪ್ಪು ಮುದ್ರಣಕ್ಕೆ 80 ಸಾಕು. ನಕಾಶೆ, ಚಿತ್ರ, ಬಣ್ಣದ ಶಾಯಿಯ ಟಿಪ್ಪಣಿ ಓದುವವರು 90 ದಾಟಿದ್ದನ್ನು ಆರಿಸಿ.

ನೀಲಿ ತಡೆಯುವ ಕನ್ನಡಕದ ಬಗ್ಗೆ: ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಪರದೆಯ ಮುಂದಿನ ಕಣ್ಣಿನ ದಣಿವಿಗೆ, ಅಲ್ಪಾವಧಿಯಲ್ಲಾದರೂ, ಮಾಮೂಲಿ ಗಾಜಿಗಿಂತ ಅದರಿಂದ ಹೆಚ್ಚಿನ ಉಪಯೋಗ ಇರಲಾರದು ಎಂಬ ತೀರ್ಮಾನಕ್ಕೆ ಬಂತು. ಆ ಹಣವನ್ನು ಬಾಗುವ ತೋಳಿನ ದೀಪಕ್ಕೆ ಹಾಕಿ.

ಪ್ರಶ್ನೆ: ಹೊಸ ಎಲ್‌ಇಡಿ ಬುರುಡೆ ಹಾಕಿದ ಮೇಲೆ ಅರ್ಧ ಗಂಟೆ ಓದಿದರೆ ತಲೆನೋವು. ಬೆಳಕು ಮೊದಲಿಗಿಂತ ಜಾಸ್ತಿಯೇ ಇದೆ.

ಕಣ್ಣಿಗೆ ಕಾಣದ ಮಿಣುಕು ಕಾರಣವಿರಬಹುದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಪ್ರವಾಹ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಬುರುಡೆಯೊಳಗಿನ ಡ್ರೈವರ್ ಎಂಬ ಸರ್ಕ್ಯೂಟ್ ಅದನ್ನು ಸಮತಟ್ಟು ಮಾಡಬೇಕು. ಸಾಕಷ್ಟು ದೊಡ್ಡ ಕೆಪಾಸಿಟರ್ ಹಾಕದೆ ಉಳಿತಾಯ ಮಾಡಿದ ಬುರುಡೆ ಬೆಳಕನ್ನೂ 100 ಸಲ ಏರಿಳಿಸುತ್ತದೆ. ಸ್ಥಿರವಾಗಿ ನೋಡಿದರೆ ಗೊತ್ತಾಗದು. ಓದುವಾಗಲಾದರೋ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತಾ ಹೋಗುತ್ತದೆ. ಕೆಲವರಿಗೆ ಆ ಜಿಗಿತಗಳ ನಡುವೆ ಮಿಣುಕು ಕಿರಿಕಿರಿ ಕೊಡುತ್ತದೆ.

ರಾತ್ರಿ ಬೇರೆಲ್ಲ ದೀಪ ಆರಿಸಿ, ಆ ಒಂದು ಬುರುಡೆಯ ಕೆಳಗೆ ಕಪ್ಪು ಹಿನ್ನೆಲೆಯ ಮುಂದೆ ಬಿಳಿ ಪೆನ್ನನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ನುಣುಪಾದ ಮಸುಕು ಪಟ್ಟಿ ಕಂಡರೆ ಬುರುಡೆ ನಿರ್ದೋಷಿ. ಬಿಡಿಬಿಡಿಯಾಗಿ ಹತ್ತಾರು ಪೆನ್ನು ಬೀಸಣಿಗೆಯ ಕಡ್ಡಿಗಳಂತೆ ಕಂಡರೆ ಮಿಣುಕು ಖಚಿತ. ಫೋನಿನ ನಿಧಾನಗತಿ ವಿಡಿಯೋದಲ್ಲೂ ಬೆಳಕು ಬಡಿದುಕೊಳ್ಳುವುದು ಕಾಣುತ್ತದೆ. ಡಿಮ್ಮರ್ ಇದ್ದರೆ ಪೂರ್ಣ ಬೆಳಕಿನಲ್ಲೂ ಅರ್ಧದಲ್ಲೂ ನೋಡಿ. ಡಿಮ್ಮರಿಗೆ ಹೊಂದದ ಬುರುಡೆ ಪೂರ್ಣದಲ್ಲಿ ಸುಮ್ಮನಿದ್ದು ತಗ್ಗಿಸಿದಾಗ ಮಿಣುಕುತ್ತದೆ. ಬರಿಗಣ್ಣಿಗೇ ಕಾಣುವಂತೆ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಅದು ಬೇರೆ ಕಾಯಿಲೆ: ಹೋಲ್ಡರ್ ಸಡಿಲವಾಗಿರಬಹುದು. ಸಡಿಲ ಸಂಪರ್ಕ ಬಿಸಿಯಾಗಿ ಬೆಂಕಿಗೂ ಕಾರಣವಾದೀತು, ಎಲೆಕ್ಟ್ರಿಷಿಯನ್‌ನ ಕರೆಸಿ.

ಪ್ರಶ್ನೆ: ತಾಯಿಗೆ 74. ದೊಡ್ಡ ದೀಪ ತಂದಿಟ್ಟೆವು. ಮೊದಲಿಗಿಂತ ಕಷ್ಟ, ಕಣ್ಣು ಕುಕ್ಕುತ್ತದೆ ಎನ್ನುತ್ತಾರೆ. ವಯಸ್ಸಾದವರಿಗೆ ಹೆಚ್ಚು ಬೆಳಕು ಬೇಕಲ್ಲವೇ?

ಬೇಕು. ವಯಸ್ಸಿನೊಂದಿಗೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಅರವತ್ತರವರ ಅಕ್ಷಿಪಟವನ್ನು ತಲಪುವ ಬೆಳಕು ಇಪ್ಪತ್ತರವರದಕ್ಕೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು. ಆದರೆ ಅದೇ ಮಸೂರ ಮಬ್ಬಾಗಿದ್ದರೆ ಒಳಬಂದ ಬೆಳಕನ್ನು ಕಣ್ಣಿನೊಳಗೆಲ್ಲ ಚೆಲ್ಲಾಡಿ ಪುಟದ ಕಪ್ಪು-ಬಿಳಿಯ ಅಂತರವನ್ನು ತೆಳುಗೊಳಿಸುತ್ತದೆ. ಆದ್ದರಿಂದ ಇಂಥವರಿಗೆ ಪುಟದ ಮೇಲೆ ಹೆಚ್ಚು ಬೆಳಕು ಬೇಕು, ಕಣ್ಣಿಗೆ ಬೀಳುವ ದಾರಿತಪ್ಪಿದ ಬೆಳಕು ಆದಷ್ಟು ಕಡಿಮೆಯಾಗಬೇಕು. ದೊಡ್ಡ ದೀಪ ಎರಡನ್ನೂ ಒಟ್ಟಿಗೆ ಏರಿಸಿಬಿಟ್ಟಿದೆ. ಆಳವಾದ ಶೇಡ್ ಇರುವ ಚಿಕ್ಕ ದೀಪವನ್ನು ಹತ್ತಿರ ಇಟ್ಟು ನೋಡಿ.

ಜೊತೆಗೆ ಒಂದು ಸಾಧನ ಮಾಡಿಕೊಡಿ, ಐದು ನಿಮಿಷದ ಕೆಲಸ. ಹೊಳಪಿಲ್ಲದ ಕಪ್ಪು ರಟ್ಟು, 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ನಡುವೆ 15 ಸೆಂ.ಮೀ. ಉದ್ದ, 2 ಸೆಂ.ಮೀ. ಎತ್ತರದ ಕಿಂಡಿ ಕತ್ತರಿಸಿ. ಪುಟದ ಮೇಲಿಟ್ಟರೆ ಕಿಂಡಿಯಲ್ಲಿ ಎರಡು ಮೂರು ಸಾಲು ಮಾತ್ರ ಕಾಣುತ್ತವೆ, ಉಳಿದ ಬಿಳಿ ಹಾಳೆಯಿಂದ ಬರುತ್ತಿದ್ದ ಬೆಳಕೆಲ್ಲ ರಟ್ಟಿನಡಿ ಅಡಗುತ್ತದೆ. ಸಾಲು ತಪ್ಪದಿರುವುದು ಉಚಿತ ಲಾಭ. ಕಿಂಡಿ 2 ಸೆಂ.ಮೀ.ಗಿಂತ ಕಿರಿದಾದರೆ ಒತ್ತಕ್ಷರಗಳ ತುದಿ ರಟ್ಟಿನಡಿ ಸಿಕ್ಕಿಕೊಳ್ಳುತ್ತದೆ, ಹುಷಾರು.

ಮಂದ ಬೆಳಕಿನಲ್ಲೇ ಚೆನ್ನಾಗಿ ಓದುತ್ತೇನೆ, ಬಿಸಿಲಲ್ಲಿ ಆಗುವುದಿಲ್ಲ ಎಂದು ಅವರು ಹೇಳುತ್ತಿದ್ದರೆ ಆ ಮಾತನ್ನು ಹಾಗೇ ವೈದ್ಯರಿಗೆ ತಿಳಿಸಿ. ಮಸೂರದ ಹಿಂಭಾಗದ ನಡುವೆ ಕಟ್ಟುವ ಒಂದು ಬಗೆಯ ಪೊರೆಯಲ್ಲಿ ಹೀಗಾಗುತ್ತದೆ: ಬೆಳಕಿಗೆ ಪಾಪೆ ಕುಗ್ಗಿದಾಗ ಉಳಿಯುವ ದಾರಿಯಲ್ಲಿ ಪೊರೆಯೇ ಅಡ್ಡ ನಿಂತಿರುತ್ತದೆ.

ಪ್ರಶ್ನೆ: ಮಗ ಹೊದಿಕೆಯೊಳಗೆ ಟಾರ್ಚ್ ಹಿಡಿದು ಕಥೆ ಓದುತ್ತಾನೆ. ಕಣ್ಣು ಹಾಳಾಗುತ್ತದೆಯೇ?

ಮಂದ ಬೆಳಕು ಕಣ್ಣನ್ನು ದಣಿಸುತ್ತದೆ, ಕಾಯಂ ಹಾನಿ ಮಾಡುವುದಿಲ್ಲ. ನಮ್ಮ ಚಿಂತೆ ದೂರದ್ದು. ಹೊದಿಕೆಯೊಳಗೆ ಪುಸ್ತಕ ಮುಖದಿಂದ 15–20 ಸೆಂ.ಮೀ.ನಲ್ಲಿರುತ್ತದೆ. ಮಕ್ಕಳ ಕಣ್ಣಿಗೆ ಫೋಕಸ್ ಶಕ್ತಿ ಧಾರಾಳ, ಹಾಗಾಗಿ ಅವರು ದೂರುವುದಿಲ್ಲ. ತೀರ ಹತ್ತಿರದಿಂದ ಬಿಡುವಿಲ್ಲದೆ ಓದುವುದು ಮತ್ತು ಹೊರಗೆ ಆಡದಿರುವುದು ಸಮೀಪದೃಷ್ಟಿಯ ಜೊತೆ ತಳುಕು ಹಾಕಿಕೊಂಡಿವೆ. ಬಯಲಲ್ಲಿ ಮೋಡವಿದ್ದರೂ ಸಾವಿರಾರು ಲಕ್ಸ್ ಇರುತ್ತದೆ, ಮನೆಯೊಳಗೆ ನೂರರ ಲೆಕ್ಕ. ದಿನಕ್ಕೆ ಎರಡು ಗಂಟೆ ಹೊರಗಿರಲಿ. ಟಾರ್ಚನ್ನು ಕಸಿಯುವ ಬದಲು ಹಾಸಿಗೆಯ ಪಕ್ಕ ಒಂದು ದೀಪ ಇಡಿ, ಕಥೆ ಮುಗಿಯಲಿ.

ಪ್ರಶ್ನೆ: ಮಲಗುವ ಮುನ್ನ ದೀಪ ಆರಿಸಿ ಫೋನಿನಲ್ಲಿ ಓದುತ್ತೇನೆ. ಕಪ್ಪು ಹಿನ್ನೆಲೆ ಇಟ್ಟರೆ ಅಕ್ಷರಕ್ಕೆ ಬಾಲ ಬಂದಂತೆ ಕಾಣುತ್ತದೆ.

ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರು (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದ್ದನ್ನು ತಿದ್ದುವ ನಂಬರು) ಇದೆಯೇ ನೋಡಿ. ಕತ್ತಲ ಕೋಣೆ, ಕಪ್ಪು ಪರದೆ, ಎರಡೂ ಸೇರಿ ಪಾಪೆಯನ್ನು ಹಿಗ್ಗಿಸುತ್ತವೆ. ತಿದ್ದದೆ ಉಳಿದ ಸಿಲಿಂಡರ್ ದೋಷ ಆಗ ಬಿಳಿ ಅಕ್ಷರವನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ಬಿಳಿ ಹಿನ್ನೆಲೆಯ ಕಪ್ಪು ಅಕ್ಷರ ಹೆಚ್ಚು ಸ್ಪಷ್ಟ, ಆದರೆ ಕತ್ತಲಲ್ಲಿ ಕುಕ್ಕುತ್ತದೆ. ಹಾಗಾಗಿ ಕತ್ತಲನ್ನೇ ಓಡಿಸಿ: ಪರದೆಯಲ್ಲಿ ಪ್ರತಿಫಲಿಸದಂತೆ ಪಕ್ಕದ ಗೋಡೆಗೆ ಮುಖಮಾಡಿದ ಒಂದು ಹಳದಿ ದೀಪ ಹಚ್ಚಿಡಿ. ಪರದೆಯ ಪಕ್ಕ ಬಿಳಿ ಹಾಳೆ ಹಿಡಿದು, ಎರಡೂ ಹೆಚ್ಚುಕಡಿಮೆ ಒಂದೇ ಬಿಳುಪಾಗುವವರೆಗೆ ಪರದೆಯ ಬೆಳಕು ಹೊಂದಿಸಿ. ಎಷ್ಟೋ ಓಎಲ್‌ಇಡಿ ಪರದೆಗಳು ಬೆಳಕು ತಗ್ಗಿಸುವುದು ವೇಗವಾಗಿ ಹೊತ್ತಿ ಆರುವ ಮೂಲಕ. ಮಿಣುಕು ತಾಳದವರು ತೀರ ಕಡಿಮೆಗೆ ಇಳಿಸದಿರುವುದೇ ಲೇಸು.

ಪ್ರಶ್ನೆ: ದೀಪ ಸರಿಯಿದ್ದರೂ ಓದುವಾಗ ಕಣ್ಣು ಉರಿ, ಮರಳು ಬಿದ್ದಂತೆ.

ರೆಪ್ಪೆ ಬಡಿಯುವುದು ಕಡಿಮೆಯಾಗಿದೆ. ಸಾಮಾನ್ಯವಾಗಿ ನಿಮಿಷಕ್ಕೆ 15ರ ಆಸುಪಾಸು ಬಡಿಯುವ ರೆಪ್ಪೆ ಓದಿನಲ್ಲಿ ಮುಳುಗಿದಾಗ ಅದರ ಅರ್ಧಕ್ಕೂ ಇಳಿಯುತ್ತದೆ, ಕಣ್ಣೀರಿನ ಪದರ ಒಡೆಯುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬರದಂತೆ ಕುರ್ಚಿ ತಿರುಗಿಸಿ. ಪುಟ ತಿರುವಿದಾಗಲೆಲ್ಲ ಒಮ್ಮೆ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ, 20 ನಿಮಿಷಕ್ಕೊಮ್ಮೆ 20 ಸೆಕೆಂಡು ದೂರ ನೋಡಿ.

ಪ್ರಶ್ನೆ: ರಾತ್ರಿ ಬುರುಡೆಯ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ದೀಪದ ದೋಷವೇ?

ಎರಡು ಮೂರು ಸಲ ಗಟ್ಟಿಯಾಗಿ ರೆಪ್ಪೆ ಬಡಿಯಿರಿ. ಬಳೆ ಹೋದರೆ ಅದು ಕಣ್ಣೀರಿನ ಪದರದ್ದು. ಹೋಗದೆ ದಿನವೂ ಕಂಡರೆ ಪೊರೆಯೋ ಇನ್ನೇನೋ, ಈ ವಾರದಲ್ಲೇ ತೋರಿಸಿ. ಆದರೆ ಬಳೆಯ ಜೊತೆ ಕಣ್ಣು ನೋವು, ಕೆಂಪು, ಮಸುಕು, ತಲೆನೋವು, ವಾಂತಿ ಇದ್ದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ಕಣ್ಣಿನೊಳಗಿನ ದ್ರವ ಹೊರಹೋಗುವ ಕೋನ ಮುಚ್ಚಿ ಒತ್ತಡ ಏರುವ ಗ್ಲುಕೋಮಾ ಇದಾಗಿರಬಹುದು. ಐವತ್ತು ದಾಟಿದವರಲ್ಲಿ, ದೂರಕ್ಕೂ ಪ್ಲಸ್ ನಂಬರು ಹಾಕುವವರಲ್ಲಿ ಇದರ ಸಂಭವ ಹೆಚ್ಚು, ಮತ್ತು ಶುರುವಾಗುವುದು ಎಷ್ಟೋ ಸಲ ಮಂದ ಬೆಳಕಿನಲ್ಲಿ, ಪಾಪೆ ಅರ್ಧ ಹಿಗ್ಗಿದಾಗ. ಕೆಲವೇ ಗಂಟೆಗಳಲ್ಲಿ ದೃಷ್ಟಿಗೆ ಕುತ್ತು ಬರಬಹುದು. ತಲೆನೋವೆಂದು ದೀಪ ಆರಿಸಿ ಮಲಗುವುದು ಎಲ್ಲರ ಅಭ್ಯಾಸ. ಇಲ್ಲಿ ಹಾಗೆ ಮಾಡಬೇಡಿ, ಕಣ್ಣಿಗೆ ಪಟ್ಟಿಯನ್ನೂ ಕಟ್ಟಬೇಡಿ. ವಾಹನ ಬರುವವರೆಗೆ ಕೋಣೆಯ ದೀಪ ಉರಿಯುತ್ತಲೇ ಇರಲಿ.